ಹೊರೆ ಇಳಿಸುವ ಕೈ

ಆ ಮೊಬೈಲಿನ ಬೆಳಕು ಆರಿಸು ರೂಪಾಲಿ. ಮನಿಷಾ, ನೀನು ಬಾಗಿಲು ಸ್ವಲ್ಪ ಮುಂದೆ ಮಾಡು… ಚಿಲಕ ಬೇಡ. ಕರೆಂಟು ಹೋದದ್ದು ಒಳ್ಳೆಯದೇ ಆಯಿತು. ಟಿವಿ ಹಚ್ಚಿಕೊಂಡು ಕುಳಿತಿದ್ದರೆ ನಿಮ್ಮ ಅವ್ವನ ತಂಗಿ, ಈ ಮಾವಶಿಯ ಮಾತು ಯಾರು ಕೇಳುತ್ತಿದ್ದಿರಿ?

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಸುನಂದಾ ಮಾವಶಿ ಸುಳ್ಳು ಹೇಳುವುದೇ ಇಲ್ಲ ಅಂತಲ್ಲ. ಅಂಗಡಿಯಲ್ಲಿ ಕೂತಾಗ ಗಿರಾಕಿಗೆ ಒಂದೆರಡು ಹೇಳಬೇಕಾಗುತ್ತದೆ. ಮನೆಯವರಿಗೆ ಹೇಳುವುದಿಲ್ಲ. ಇದು ನಡೆದದ್ದು ನಮ್ಮ ಕಾಕಾನ ಮಗ ಓಂಪ್ರಕಾಶನಿಗೆ. ಸಾಂಗಲಿ ಪೇಟೆಯಲ್ಲಿ ಅವನ ಅರಿಸಿನದ ಅಂಗಡಿ ನೀವೇ ನೋಡಿದ್ದೀರಿ. ಅವನು ಇನ್ನೂ ಇದ್ದಾನೆ, ಗಟ್ಟಿಮುಟ್ಟಾಗಿದ್ದಾನೆ. ಹೋಗಿ ಕೇಳಿ ಬೇಕಾದರೆ. ಆದರೆ ಹೇಳುವುದಿಲ್ಲ. "ಚಾ ಕುಡೀರಿ" ಅನ್ನುತ್ತಾನೆ.

ಮ್ಹೈಸಾಳದ ಆಚೆ ಅವನಿಗೊಂದು ಹೊಲ ಇದೆ. ಹಿಂದೆ ಅದು ಒಂದು ದೊಡ್ಡ ವಾಡೆಯ ಧಣಿಗಳದು. ಅವರು ಮಾರಿ ಪುಣೆಗೆ ಹೋದರು, ಇವನು ಕೊಂಡ. ಹೊಲದ ತುದಿಗೆ ಒಂದು ಬಾವಿ, ಬಾವಿಯ ಬಗಲಿಗೆ ಆಲದ ಮರ. ಕಾಲುವೆಯ ನೀರು ಬಂದ ಮೇಲೆ ಆ ಬಾವಿಯನ್ನು ಕೇಳುವವರಿಲ್ಲ. ದನಕರು ಬೀಳಬಾರದು ಅಂತ ಮೇಲೆ ಕಬ್ಬಿಣದ ಜಾಳಿಗೆ ಹಾಕಿ ಬೀಗ ಜಡಿದಿದ್ದಾರೆ. ಬೀಗ ತುಕ್ಕು ಹಿಡಿದು, ಕೀಲಿ ಎಲ್ಲಿದೆ ಅಂತ ಓಂಪ್ರಕಾಶನಿಗೂ ಗೊತ್ತಿಲ್ಲ.

ಹೋದ ವರ್ಷ ಸಂಕ್ರಾಂತಿ ಮುಗಿದಿತ್ತು. ಕಬ್ಬಿಗೆ ನೀರು ಬಿಡುವ ಪಾಳಿ ರಾತ್ರಿ ಬಂದಿತ್ತು, ನೋಡಲು ಹೋಗಿದ್ದ. ತಿರುಗಿ ಹೊರಟರೆ ಗಾಡಿ ಪಂಕ್ಚರ್. ಗಾಡಿ ಅಲ್ಲೇ ಬಿಟ್ಟು ಊರ ಕಡೆ ನಡೆದ. ಚಳಿ. ದಾರಿಯ ಎರಡೂ ಕಡೆ ಕಬ್ಬು. ಎಲೆ ಎಲೆಗೆ ತಾಗಿ ಸರಸರ ಅನ್ನುತ್ತಿತ್ತು. ದೂರ ಯಾವುದೋ ಮೋಟಾರು ಗುಂಯ್ ಅಂತ ಒಂದೇ ಸಮ. ಹುಳಗಳು ಜಿರ್… ಜಿರ್…

ಆಲದ ಮರದ ಹತ್ತಿರ ಬಂದ. ಹುಳಗಳ ಸದ್ದು ನಿಂತಿತು. ಎಲ್ಲವೂ ಒಟ್ಟಿಗೇ.

ಸುರ್ರ್… 

ನಿಂತ.

ಸುರ್ರ್… ಸುರ್ರ್…

ಹಾವಲ್ಲ. ನೀರಲ್ಲ. ಬೇರೆ ಯಾರಾದರೂ ಆಗಿದ್ದರೆ ಏನೋ ಅಂದುಕೊಂಡು ಓಡುತ್ತಿದ್ದರು. ಇವನು ಹುಟ್ಟಿದಾಗಿನಿಂದ ಅರಿಸಿನದಲ್ಲೇ ಬೆಳೆದವನು. ತಲೆಯ ಮೇಲೆ ಬುಟ್ಟಿ ಹೊತ್ತವರು ಕತ್ತು ನೋವಾಗಿ ಆ ಕಡೆ ಈ ಕಡೆ ಹೊರಳಿಸಿದಾಗ ಬುಟ್ಟಿಯೊಳಗಿನ ಪುಡಿ ಜಾರುತ್ತದಲ್ಲ, ಆ ಸದ್ದು. ಹಿಂದೆಯೇ ವಾಸನೆಯೂ ಬಂತು. ಹಳೆಯ ಅರಿಸಿನ. ಮುಗ್ಗಿದ್ದು.

"ತಮ್ಮಾ…"

ಮರದ ಕೆಳಗೆ ಒಬ್ಬ ಮುದುಕಿ. ಗಿಡ್ಡ ಆಳು. ತಲೆಯ ಮೇಲೆ ಬಟ್ಟೆಯ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ. ಎರಡೂ ಕೈ ಮೇಲೆತ್ತಿ ಹಿಡಿದುಕೊಂಡಿದ್ದಳು.

"ಒಂದೀಟು ಕೈ ಹಚ್ಚತೀಯೇನಪಾ? ಇಳಸೂದೈತಿ."

ಹೊರೆ ಹೊತ್ತವರು ದಾರಿಯಲ್ಲಿ ಕೇಳಿದರೆ ಇಲ್ಲ ಅನ್ನಬಾರದು. ಇದು ನಮ್ಮ ಕಡೆಯ ರೀತಿ. ಜಾತಿ ಕೇಳುವುದಿಲ್ಲ, ಊರು ಕೇಳುವುದಿಲ್ಲ. ಇಷ್ಟು ಹೊತ್ತಿನಲ್ಲಿ ಈಕೆ ಇಲ್ಲೇಕೆ ಅಂತ ಯೋಚಿಸುವ ಮೊದಲೇ ಅವನ ಎರಡೂ ಕೈ ಬುಟ್ಟಿಯ ಅಡಿಗೆ ಹೋಗಿದ್ದವು.

ಬುಟ್ಟಿ ಅಲುಗಲಿಲ್ಲ. ಕಾಯಿಪಲ್ಲೆ ಮಾರುವವರ ಬುಟ್ಟಿಯಷ್ಟೇ ದೊಡ್ಡದು, ಆದರೆ ಭಾರ ಮಾತ್ರ ಚೀಲಗಟ್ಟಲೆ. ಇವನು ಕಾಲು ಅಗಲಿಸಿ ನಿಂತು ಮತ್ತೆ ಕೈ ಕೊಟ್ಟ. ಒಂದು ಬೆರಳಿನಷ್ಟು ಮೇಲೆದ್ದಿತು. ಆಗ ನೋಡಿ, ಅಡತಿ ಅಂಗಡಿಯವನ, ರೈತರ ಮಾಲು ಮಾರಿಸಿಕೊಡುವವನ ಬಾಯಿ. ಪೇಟೆಗೆ ಮಾಲು ಬಂತೆಂದರೆ ಇಳಿಸುವ ಮೊದಲು ನಾವು ಕೇಳುವುದು ಒಂದೇ ಮಾತು. ನಿದ್ದೆಯಲ್ಲಿ ಎಬ್ಬಿಸಿದರೂ ಅದೇ ಬರುತ್ತದೆ.

"ಯಾರ ಮಾಲ್ರಿ?"

ಮುದುಕಿ ಕತ್ತು ಆ ಕಡೆ ಈ ಕಡೆ ಹೊರಳಿಸಿದಳು. ಆಮೇಲೆ ಪಿಸುದನಿಯಲ್ಲಿ ಒಂದೊಂದೇ ಹೆಸರು.

"ನೀಲಾಬಾಯಿದೈತಿ… ನಾಗನಾಥಂದೈತಿ… ಕಾಡಸಿದ್ದಪ್ಪಂದೈತಿ, ಅವನ ತಮ್ಮಂದೂ ಐತಿ… ಜ್ಯೋತೆಪ್ಪಂದು… ಧೋಂಡಿಬಾಂದು…"

"ನಿಮ್ಮದೆಷ್ಟೈತ್ರಿ ಇದರಾಗ?"

"ನಂದೇನೂ ಇಲ್ಲಪಾ."

ಅವಳ ಕಾಲು ದೆವ್ವದ ಹಾಗೆ ಹಿಂದುಮುಂದಾಗಿದ್ದವೇ ಅಂತ ಕೇಳಬೇಡಿ. ನಾನೂ ಕೇಳಿದೆ. ಅವನು ನೋಡಲಿಲ್ಲವಂತೆ. ಅವನು ಬೆಚ್ಚಿದ್ದು ಅವಳು ಹೇಳಿದ ಒಂದು ಹೆಸರಿಗೆ. ಜ್ಯೋತೆಪ್ಪ ಅದರ ಹಿಂದಿನ ದೀಪಾವಳಿಗೆ ಮುಂಚೆಯೇ ತೀರಿಕೊಂಡಿದ್ದ. ಇವನೇ ಮಣ್ಣಿಗೆ ಹೋಗಿ ಬಂದಿದ್ದ. ಸತ್ತವನ ಮಾಲು ಅಂತ ತಲೆಗೆ ಹೊಳೆದದ್ದೇ ತಡ… ಕೈ ತೆಗೆದುಬಿಟ್ಟ.

ಬುಟ್ಟಿ ಮತ್ತೆ ಅವಳ ತಲೆಗೆ ಕೂತಿತು. ಅವಳ ಕತ್ತಿನಲ್ಲಿ ಕಟ್ ಅಂತ ಸದ್ದಾಯಿತು. ಒಣ ಕಟ್ಟಿಗೆ ಮುರಿದ ಹಾಗೆ.

ಬೈಯಲಿಲ್ಲ. ಶಾಪ ಹಾಕಲಿಲ್ಲ. "ಆತು… ಹೋಗು ತಮ್ಮಾ. ಹೊತ್ತಾಗೇತಿ. ಹುಷಾರಲೆ ಹೋಗು" ಅಂದಳಂತೆ. ನನಗೆ ಇವತ್ತಿಗೂ ಕರುಳು ಹಿಂಡುವುದು ಆ ಮಾತಿಗೇ. ಹಲ್ಲು ತೋರಿಸಿದ್ದರೆ ಚೆನ್ನಾಗಿತ್ತು, ದೆವ್ವ ಅಂತ ಬೈದು ಮರೆಯಬಹುದಿತ್ತು.

ಆವತ್ತಿನಿಂದ ಓಂಪ್ರಕಾಶನ ಕತ್ತು ಹಿಡಿಯಿತು. ಹಿಡಿಯಿತೆಂದರೆ, ತಲೆಯ ಮೇಲೆ ಯಾರೋ ಏನೋ ಇಟ್ಟ ಹಾಗೆ. ಮಿರಜದಲ್ಲಿ ದವಾಖಾನೆಗೇನು ಬರವೇ? ಫೋಟೋ ತೆಗೆಸಿದ, ಕತ್ತಿಗೆ ಪಟ್ಟಿ ಕಟ್ಟಿಸಿಕೊಂಡ. ಎಲುಬು ಸರಿ ಇದೆ ಅಂದರು. ಎಲುಬು ಸರಿ ಇದ್ದವನು ದಿನಾ ಕುಗ್ಗುತ್ತ ಹೋದ. ಮಲಗಲು ಆಗದು. ಗೋಡೆಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದ. ನಾನು ನೋಡಲು ಹೋದಾಗ ಮೆಲ್ಲಗೆ ನನ್ನ ಕೈ ಹಿಡಿದು ಇಷ್ಟೆಲ್ಲ ಹೇಳಿದ. "ಅಕ್ಕಾ, ಅರ್ಧಾ ಭಾರ ನನ್ನ ಮ್ಯಾಲ ಬಂದೈತಿ. ಕೈ ಹಚ್ಚಿ ಬಿಟ್ಟೆ ನೋಡು" ಅಂದ.

"ಆಕಿ ಹೇಳಿದ ಹೆಸರಿನ್ಯಾಗ ಯಾರರೆ ಜೀವಂತ ಅದಾರೇನು?" ಅಂತ ನಾನೇ ಕೇಳಿದೆ.

ಒಬ್ಬನಿದ್ದ. ಧೋಂಡಿಬಾ. ಖಂಡೇರಾಜುರಿಯ ಕುರುಬರ ಮುದುಕ. ಅರಿಸಿನ ಕಿತ್ತ ಮೇಲೆ ಗೊಬ್ಬರಕ್ಕೆಂದು ಓಂಪ್ರಕಾಶನ ಹೊಲದಲ್ಲಿ ಕಣ್ಣು ಮಂಜಾಗುವವರೆಗೂ ಪ್ರತಿ ವರ್ಷ ಕುರಿ ಕೂಡಿಸುತ್ತಿದ್ದವನು ಅವನೇ. ಒಂದು ವಿಚಿತ್ರ ಏನೆಂದರೆ, ಆಲದ ಮರದ ದಾರಿ ಹತ್ತಿರದ್ದು, ಆದರೂ ಅವನು ಕುರಿ ಹೊಡೆದುಕೊಂಡು ಹೊಲವನ್ನೆಲ್ಲ ಸುತ್ತಿ ಹಿಂದಿನಿಂದ ಬರುತ್ತಿದ್ದ. ನಾವು, ಮುದುಕನಿಗೆ ಮೇವಿನ ಆಸೆ ಅಂದುಕೊಂಡಿದ್ದೆವು.

ಇಬ್ಬರೂ ಹೋದೆವು. ಹಗಲೇ ಹೋದೆವು. ಮುದುಕ ಅಂಗಳದಲ್ಲಿ ಕಂಬಳಿ ಹಾಸಿ ಕೂತಿದ್ದ. ಎರಡೂ ಕಣ್ಣಿಗೆ ಪೊರೆ. ದನಿಯ ಮೇಲೆ ಗುರುತು ಹಿಡಿದ. "ಬರ್ರಿ ಸಾವಕಾರ್ರ, ಕುಂದ್ರಿ. ಬಾಯಾರೂ ಬಂದಾರೇನು? ಕಾಜಲ, ನೀರ ತಾ" ಅಂದ. ಕಾಜಲ ಮೊಮ್ಮಗಳು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ದಿನ ತುಂಬಲು ಬಂದಿತ್ತು. ಒಂದು ಕೈ ನಡುವಿಗೆ ಕೊಟ್ಟುಕೊಂಡು ತಂಬಿಗೆ ತಂದಿಟ್ಟಳು.

ಓಂಪ್ರಕಾಶ ನಡೆದದ್ದನ್ನು ಹೇಳುತ್ತ ಹೋದ. "ಇಳಸೂದೈತಿ" ಅಂದಳು ಅನ್ನುವಷ್ಟರಲ್ಲಿ ಮುದುಕ ಎರಡೂ ಕಿವಿ ಮುಚ್ಚಿಕೊಂಡ.

"ಆಕಿ ಹೆಸರ ತಗೀಬ್ಯಾಡ್ರಿ!"

"ಹೆಸರ ನನಗೆಲ್ಲಿ ಗೊತ್ತು ಕಾಕಾ?"

"ತಗೀಬ್ಯಾಡ್ರಿ… ನನ್ನ ಮುಂದ ತಗೀಬ್ಯಾಡ್ರಿ."

ಬಹಳ ಹೊತ್ತಾದ ಮೇಲೆ ಕಿವಿಯಿಂದ ಕೈ ತೆಗೆದ. ಆಮೇಲೆ ಹೇಳಿದ. ಪಿಸುಪಿಸು ಅಂತ, ಮನೆಯೊಳಗೆ ಕೇಳದ ಹಾಗೆ.

ಆ ಹೊಲ ವಾಡೆಯವರದಿತ್ತು ಅಂದೆನಲ್ಲ. ಆ ವಾಡೆಯಲ್ಲಿ ಜೀತದವರಿದ್ದರು. ಅಪ್ಪ ಮಾಡಿದ ಸಾಲಕ್ಕೆ ಮಗ, ಮಗ ಸತ್ತರೆ ಅವನ ಹೆಂಡತಿ. ಧೋಂಡಿಬಾ ಹಾಲುಹಲ್ಲು ಬೀಳುವ ವಯಸ್ಸಿಗೆ ದನದ ಕೊಟ್ಟಿಗೆ ಸೇರಿದವನು, ಮೀಸೆ ಬಂದರೂ ಅಲ್ಲೇ. ಓಡಿ ಹೋಗಬಾರದೆ ಅನ್ನುತ್ತೀರಿ. ಸರಪಳಿ ಇದ್ದರೆ ಓಡಬಹುದಿತ್ತು. ಇದ್ದದ್ದು ಭಂಡಾರ. ಜೀತಕ್ಕೆ ಸೇರುವ ದಿನ ಬೀರೋಬಾನ ಗುಡಿಗೆ ಕರೆದೊಯ್ದು ಎರಡೂ ಕೈಯಲ್ಲಿ ಭಂಡಾರ ಎತ್ತಿಸುತ್ತಿದ್ದರು. ದೇವರ ಅರಿಸಿನ. ಎತ್ತಿ ಆಣೆ ಮಾಡಬೇಕು: "ಧಣಿ ಮನಿ ಬಿಟ್ಟ ಹ್ವಾದ್ರ ನನ್ನ ವಂಶದ ದೀಪ ಆರಲಿ." ಹಾಗೆ ಅಂದವನು ಎಲ್ಲಿಗೆ ಓಡುತ್ತಾನೆ?

ಇಂದಿರಾಬಾಯಿಯ ಕಾಲದಲ್ಲಿ ಜೀತ ರದ್ದು ಅಂತ ಕಾನೂನು ಬಂತು. ಬಂದದ್ದು ಇವರಿಗೆ ಗೊತ್ತಾಗಲಿಲ್ಲ. ಗೊತ್ತು ಮಾಡಿದವಳು ಒಬ್ಬ ಹೆಂಗಸು. ಅದೇ ವಾಡೆಯ ಜೀತದಲ್ಲಿ ಸತ್ತವನ ಹೆಂಡತಿ. ಗಂಡನ ಜಾಗಕ್ಕೆ ಬಾ, ಭಂಡಾರ ಎತ್ತು ಅಂದರೆ ಎತ್ತಲಿಲ್ಲ. ಹೊಡೆದರು, ಎತ್ತಲಿಲ್ಲ. ಊರೂರು ನಡೆದಳು. ಬೇಡಗ, ಆರಗ, ಮ್ಹೈಸಾಳ… ಯಾವ ಕೊಟ್ಟಿಗೆಯಲ್ಲಿ ಯಾರಿದ್ದಾರೆ ಅಂತ ಬಾಯಲ್ಲೇ ಇಟ್ಟುಕೊಂಡು ಮಿರಜದ ಕಚೇರಿ ಮುಂದೆ ಹೋಗಿ ಕೂತಳು. ಬೈದು ಎಬ್ಬಿಸಿದರೆ ಎದ್ದು ಮತ್ತೆ ಕೂತಳು. ಕಡೆಗೆ ಒಬ್ಬ ಸಾಹೇಬನನ್ನು ಜೀಪಿನಲ್ಲಿ ಕರೆದುಕೊಂಡೇ ಬಂದಳು.

ಸಾಹೇಬ ಆ ಆಲದ ಮರದ ಕೆಳಗೆ ನಿಂತು, "ಇವತ್ತಿಂದ ನೀವೆಲ್ಲ ಬಿಡುಗಡೆ. ಮನೆಗೆ ಹೋಗಿ" ಅಂದ.

ಯಾರೂ ಹೋಗಲಿಲ್ಲ.

"ಸರಕಾರ ಸಾಲಾ ಬಿಡಸ್ತು ಬಾಯಾರ, ಆಣಿ ಯಾರ ಬಿಡಸ್ಬೇಕ್ರಿ?" ಅಂದ ಧೋಂಡಿಬಾ. ಸಾಹೇಬ ಬೇಸತ್ತು ಹೋದ. ಜೀಪಿನ ಧೂಳು ಅಡಗುವವರೆಗೂ ಅವಳು ಅದನ್ನೇ ನೋಡುತ್ತ ನಿಂತಿದ್ದಳಂತೆ. ಆಮೇಲೆ ತಲೆಯ ಮೇಲಿನ ಸೆರಗು ತೆಗೆದು, ಬಾವಿಯ ಕಟ್ಟೆಯ ಮೇಲೆ ಕೂತು, ತಲೆ ಬಗ್ಗಿಸಿದಳು.

"ನಾ ಭಂಡಾರ ಎತ್ತಿಲ್ಲ. ನನ್ನ ತಲಿ ಖಾಲಿ ಐತಿ. ನಿಮ್ಮ ನಿಮ್ಮ ಆಣಿ ಇದರ ಮ್ಯಾಲ ಹಾಕಿ ಹೋಗ್ರಿ."

ಒಬ್ಬೊಬ್ಬರೇ ಬಂದರು. ಒಂದೊಂದು ಮುಷ್ಟಿ ಭಂಡಾರ. ತಮ್ಮ ಹೆಸರು ಹೇಳಿ, "ನನ್ನ ಆಣಿ ನಿನ್ನ ತಲಿಮ್ಯಾಲ" ಅಂತ ಸುರಿದು, ಹಿಂದೆ ತಿರುಗಿ ನೋಡದೆ ಹೋದರು. ಅವಳ ಕಣ್ಣು, ಮೂಗು, ಬಾಯಿ ಎಲ್ಲ ಹಳದಿ. ಮುಖ ಒರೆಸಿಕೊಳ್ಳಲಿಲ್ಲ. ಆಮೇಲೆ ಬೇರೆ ಊರಿಗೂ ಹೋಗಿ ಹೀಗೆಯೇ ಮಾಡಿದಳು. ಎಷ್ಟು ಜನರದು ಹೊತ್ತಳೋ, ಲೆಕ್ಕ ಇಟ್ಟವರಿಲ್ಲ.

ಅದಕ್ಕೊಂದು ಕಟ್ಟಳೆ ಇದೆ. ನಿಮ್ಮ ಆಣೆ ಯಾರ ತಲೆಗೆ ಹಾಕಿದಿರೋ ಅವರ ಹೆಸರು ಎತ್ತಬಾರದು, ಮಾತಾಡಿಸಬಾರದು, ಅವರ ಮನೆಯ ನೀರು ಮುಟ್ಟಬಾರದು. ಮಾಡಿದರೆ ಆಣೆ ತಿರುಗಿ ಬರುತ್ತದೆ. ಹಾಗಾಗಿ ಬಿಡುಗಡೆ ಆದವರೇ ಅವಳನ್ನು ಕಂಡರೆ ದಾರಿ ಬಿಟ್ಟು ಹೊಲಕ್ಕೆ ಇಳಿದರು. ಮದುವೆಗೆ ಕರೆಯಲಿಲ್ಲ, ಮಣ್ಣಿಗೆ ಕರೆಯಲಿಲ್ಲ. ಧೋಂಡಿಬಾ ಒಮ್ಮೆ ಮಿರಜದ ಸಂತೆಯಲ್ಲಿ ಚೊಚ್ಚಲ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದಾಗ ಅವಳು ಎದುರಿಗೇ ಬಂದಳಂತೆ. ಕೂಸು ಅವಳ ಕಡೆ ಕೈ ಚಾಚಿತು. ಅವಳು ಒಂದು ಗಳಿಗೆ ಕೂಸನ್ನು ನೋಡಿದಳು… ಆಮೇಲೆ ಇವನಿಗೆ ತೊಂದರೆ ಬೇಡ ಅಂತ ತಾನೇ ಸೆರಗು ಎಳೆದುಕೊಂಡು ಗೋಡೆಯ ಕಡೆ ಮುಖ ಮಾಡಿ ನಿಂತಳು.

"ಮದಲ ಮಹಾಪೂರ ಬಂತಲ್ರಿ, ಆಗ ನಮ್ಮನ್ನೆಲ್ಲ ಸಾಲ್ಯಾಗ ಇಟ್ಟಿದ್ರು. ಆಕಿ ಬಾಜೂ ಖೋಲ್ಯಾಗ ಇದ್ದಳು. ಜ್ವರ. ರಾತ್ರಿ ನರಳೂದು ಕೇಳ್ತಿತ್ತು. ಅನ್ನಾ ಹಂಚಾಕ ಬಂದ್ರು… ಆಕಿಗೆ ಉಂಡೀಯೇನಂತ ಕೇಳಾವ್ರ ಇರಲಿಲ್ಲ. ನಾ ಗ್ವಾಡಿ ಈಚೀಕ ಕುಂತು ಉಂಡೇನ್ರಿ." ಮುದುಕ ತಂಬಿಗೆ ತಡವಿ ದೂರ ಸರಿಸಿದ. "ಬೆಳಗಾಗೂದ್ರಾಗ ಹೋಗಿದ್ದಳು. ಪರ ಊರಾವ್ರು ಒಯ್ದು ಮಣ್ಣ ಮಾಡಿದ್ರು. ಎಲ್ಲಿ ಮಾಡಿದ್ರು, ಅದೂ ಗೊತ್ತಿಲ್ಲ."

ಒಂದು ಕಲ್ಲಿಲ್ಲ, ಗದ್ದಿಗೆ ಇಲ್ಲ. ಅವಳಿಂದ ಬದುಕಿದ ಮನೆಗಳಲ್ಲಿ ಇವತ್ತು ಟ್ರ್ಯಾಕ್ಟರ್ ಇವೆ, ಮಕ್ಕಳು ಕಾಲೇಜಿಗೆ ಹೋಗುತ್ತಾರೆ. ಅವಳ ಹೆಸರು ಹೇಳುವ ಒಂದು ಬಾಯಿ ಇಲ್ಲ.

"ಆಕಿದು ಇಳಸಬೇಕಾದ್ರ ಏನ್ ಮಾಡ್ಬೇಕು ಕಾಕಾ?" ಓಂಪ್ರಕಾಶ ಕೇಳಿದ.

"ಹಾಕಿದ ಕೈನ ಇಳಸಬೇಕು. ಒಂದ ಕೈ ಸಾಕು. ಆದ್ರ ಹಾಕಿದ್ದ ಕೈನ ಆಗಬೇಕು." ಮುದುಕ ತನ್ನ ಅಂಗೈ ನೋಡಿಕೊಂಡ. ಕಣ್ಣು ಕಾಣದಿದ್ದರೂ ನೋಡಿಕೊಂಡ. "ಜ್ಯೋತೆಪ್ಪ ಹ್ವಾದ ಮ್ಯಾಲ ಉಳದಾಂವ ನಾ ಒಬ್ಬನ."

"ಹಂಗಾರ ಬರ್ರಿ. ನೀವೂ ಹ್ವಾದ್ರ ಆಕಿ ಕಡೀತನಕಾ ಹೊತ್ಕೊಂಡ ನಿಂದರಬೇಕಲ್ರಿ."

"ಇಲ್ರಿ ಸಾವಕಾರ್ರ." ಒಳಗೆ ಪಾತ್ರೆಯ ಸದ್ದಿನ ಕಡೆ ತಲೆ ತಿರುಗಿಸಿದ. "ಮನ್ಯಾಗ ಹೊಟ್ಟೀಲಿದ್ದ ಹುಡುಗಿ ಐತಿ. ವಂಶದ ದೀಪ ಅಂತ ಆಣಿ ಮಾಡೇನ್ರಿ. ನನ್ನ ಜೀವಾ ಬೇಕಾರ ಹೋಗ್ಲಿ… ಕೂಸಿನ ಮ್ಯಾಲ ಬಂದ್ರ?"

ನಾವು ಎದ್ದೆವು. ಬಾಗಿಲಿನವರೆಗೆ ಬಂದು ಮುದುಕನೇ ಒಂದು ಉಪಾಯ ಹೇಳಿದ. ಹಿಂದಿನ ಕಾಲದಲ್ಲಿ ದಾರಿಯಲ್ಲಿ ಹೊರೆ ಇಳಿಸುವ ಕಲ್ಲು ಇರುತ್ತಿದ್ದವು. ಎರಡು ಕಲ್ಲು ನೆಟ್ಟು ಮೇಲೊಂದು ಅಡ್ಡ ಹಾಸುಗಲ್ಲು, ತಲೆಯ ಎತ್ತರಕ್ಕೆ. ಯಾರ ಸಹಾಯವೂ ಇಲ್ಲದೆ ಹೊರೆ ಅಲ್ಲಿ ಇಳಿಸಿ ದಣಿವಾರಿಸಿಕೊಳ್ಳಬಹುದು. "ಅಂಥಾದ್ದೊಂದು ಹಾಕ್ರಿ. ಪಾಪ, ಅದರ ಮ್ಯಾಲರೆ ಇಳಸ್ಲಿ."

ಓಂಪ್ರಕಾಶ ಆಲದ ಮರದ ಹತ್ತಿರವೇ ಹಾಕಿಸಿದ. ಊರ ಜನ ನಕ್ಕರು. ಎಲ್ಲರೂ ಗಾಡಿಯ ಮೇಲೆ ತಿರುಗುವ ಕಾಲದಲ್ಲಿ ಸಾವಕಾರ ಹೊರೆಗಲ್ಲು ನೆಡುತ್ತಾನೆ, ಕತ್ತಿನ ಜೊತೆ ತಲೆಯೂ ಕೆಟ್ಟಿದೆ ಅಂದರು. ನೆಟ್ಟ ದಿನ ಸಂಜೆ ಇವನು ಕಲ್ಲಿನ ಹತ್ತಿರ ನಿಂತು ಕಾದ. ಕತ್ತಲಾಗುತ್ತ ಬಂತು. ಕಬ್ಬಿನ ಸದ್ದು ನಿಂತಿತು.

ಸುರ್ರ್…

ಹತ್ತಿರ ಬಂತು. ಕಲ್ಲಿನ ಪಕ್ಕ ನಿಂತಿತು. ಬಹಳ ಹೊತ್ತು ನಿಂತಿತು. ಆಮೇಲೆ ಮೆಲ್ಲಗೆ, ಯಾರನ್ನೂ ದೂಷಿಸದ ದನಿಯಲ್ಲಿ…

"ಕಲ್ಲಿಗೆ ಕೈ ಇಲ್ಲಪಾ."

ಅಷ್ಟೇ. ಸುರ್ರ್… ಸುರ್ರ್… ಅನ್ನುತ್ತ ಮರದ ಕಡೆ ಹೋಯಿತು.

ಇದನ್ನು ಹೇಳಲು ಮತ್ತೆ ಖಂಡೇರಾಜುರಿಗೆ ಹೋದೆವು. ಈ ಸಲ ಮುದುಕ ಪಿಸುಗುಟ್ಟಿದರೂ ಉಪಯೋಗವಾಗಲಿಲ್ಲ, ಕಾಜಲ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಆ ಹುಡುಗಿ ಮಿರಜದಲ್ಲಿ ಕಲಿತವಳು, ಕನ್ನಡ ಅರ್ಧ ಮರಾಠಿ ಅರ್ಧ. ಬಂದು ಅಜ್ಜನ ಮುಂದೆ ನಿಂತಳು.

"ಆಜೋಬಾ, ಇದು ಖರೇನ?"

ಮುದುಕ ಮುಖ ಆಚೆ ತಿರುಗಿಸಿದ.

"ಆಕಿ ಹೊರಲಿಲ್ಲಂದ್ರ ನೀವು ಆ ಕೊಟಗ್ಯಾಗ ಸಾಯ್ತಿದ್ರಿ. ನಿಮ್ಮ ಲಗ್ನ ಎಲ್ಲಿ? ನಿಮ್ಮ ಮಗಾ, ನಮ್ಮ ಬಾಬಾ, ಎಲ್ಲಿ ಹುಟ್ಟತಿದ್ರು? ನಾ ಎಲ್ಲಿ? ನನ್ನ ಹೊಟ್ಟ್ಯಾಗಿಂದ ಎಲ್ಲಿ?" ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ವಂಶದ ದೀಪಾ ಆರತೈತಿ ಅಂತೀರಿ… ಹಚ್ಚಿದಾಕಿ ಯಾರು ಆಜೋಬಾ?"

ಮುದುಕ ಮತ್ತೆ ಕಿವಿ ಮುಚ್ಚಿಕೊಳ್ಳಲು ಕೈ ಎತ್ತಿದ.

"ಪುರೆ. ಸಾಕ್ರಿ. ನೀವು ಬರಬ್ಯಾಡ್ರಿ. ನಾ ಹೋಗತೇನಿ. ನಿಮ್ಮ ರಕ್ತಾನ ಅಲ್ಲೇನು, ಆಕಿ ಬ್ಯಾಡ ಅನ್ನೂದಿಲ್ಲ." ಹೇಳಿದವಳೇ ಆ ತುಂಬಿದ ಹೊಟ್ಟೆಯಲ್ಲಿ ಕಾಲಿಗೆ ಚಪ್ಪಲಿ ಹುಡುಕತೊಡಗಿದಳು. ನಾನು ತಡೆಯಲು ಎದ್ದೆ. ಅಷ್ಟರಲ್ಲಿ ಮುದುಕ ಕಂಬಳಿಯ ಮೇಲಿನಿಂದ ಎದ್ದಿದ್ದ. ಕೋಲು ಸಿಗಲಿಲ್ಲ, ಗೋಡೆ ಹಿಡಿದು ಎದ್ದಿದ್ದ.

"ನೀ ಒಳಗ ಹೋಗವ್ವಾ" ಅಂದ. "ನನ್ನ ಕೈ ಇನ್ನಾ ಅದಾವು."

ಅವತ್ತೇ ಹೋದರು. ನಾನು ಕಾಜಲಳ ಹತ್ತಿರ ಉಳಿದೆ. ಮುಂದಿನದು ಓಂಪ್ರಕಾಶ ನೋಡಿ ಹೇಳಿದ್ದು. ಹೊತ್ತು ಮುಳುಗಿ, ದಾರಿ ಮಾತ್ರ ಬೆಳ್ಳಗೆ ಕಾಣುತ್ತಿತ್ತಂತೆ. ಮುದುಕನನ್ನು ಕಲ್ಲಿನ ಹತ್ತಿರ ನಿಲ್ಲಿಸಿ ಇವನು ಬಾವಿಯ ಕಡೆ ಸರಿದು ನಿಂತ. ಮುದುಕ ಹಾಸುಗಲ್ಲನ್ನು ಕೈಯಿಂದ ತಡವಿ ಅಂದಾಜು ಮಾಡಿಕೊಂಡ.

ಸುರ್ರ್…

ಮುದುಕ ಕೈ ಎತ್ತಲಿಲ್ಲ. ಹೆಸರು ಬಾಯಿಗೆ ಬರಲೊಲ್ಲದು. ಅರ್ಧ ಜೀವಮಾನ ನುಂಗಿಕೊಂಡ ಹೆಸರು… ಎರಡು ಸಲ ಬಾಯಿ ತೆರೆದು ಮುಚ್ಚಿದ. ಮೂರನೆಯ ಸಲ ಬಂತು.

"ಸಾವಂತ್ರವ್ವಾ…"

ಸದ್ದು ನಿಂತಿತು.

"ಯಾರಪಾ?"

"ನಾ… ಧೋಂಡ್ಯಾ. ವಾಡೇದ ಕೊಟಗಿ ಧೋಂಡ್ಯಾ."

"ಮುದುಕ ಆಗೀಯಲ್ಲೋ."

ಮುದುಕ ಅಳುತ್ತಿದ್ದ. ಅಳುತ್ತಲೇ ಕೇಳಿದ. ನಾವು ದಿನಾ ಹತ್ತು ಮಂದಿಗೆ ಕೇಳುವ ಮಾತು. ದಾರಿಯಲ್ಲಿ ಸಿಕ್ಕವರಿಗೆಲ್ಲ, ಮನಸ್ಸಿಲ್ಲದಿದ್ದರೂ ಕೇಳುವ ಮಾತು.

"ಊಟಾ ಆತೇನಬೇ?"

ಮೂಗು ಎಳೆದುಕೊಂಡ ಸದ್ದು ಬಂತು, ಹೆಣ್ಣುಮಕ್ಕಳು ಅಳು ನುಂಗುವಾಗ ಬರುತ್ತದಲ್ಲ, ಅದು. ಆಮೇಲೆ: "ಆವತ್ತ ಸಂತ್ಯಾಗ… ಹೆಗಲ ಮ್ಯಾಲ ಒಂದ ಕೂಸಿತ್ತಲ್ಲ?"

"ಅವನ ಮಗಳು ಈಗ ಬಸರಿ ಅದಾಳವ್ವಾ. ಆಕೀನ ಕಳಿಸ್ಯಾಳ ನನ್ನ."

ಮುದುಕ ಕೈ ಎತ್ತಿದ. ಓಂಪ್ರಕಾಶನಿಗೆ ಅವಳು ಈ ಸಲ ಕಾಣಲಿಲ್ಲ. ಕಂಡದ್ದು ಮುದುಕನ ಎರಡು ಬರಿಗೈ. ಗಾಳಿಯಲ್ಲಿ ಏನನ್ನೋ ಹಿಡಿದವು. ತೋಳಿನ ನರ ಉಬ್ಬಿದವು. ಮೊಣಕಾಲು ಬಾಗಿದವು. ಇಷ್ಟಿಷ್ಟೇ… ಇಷ್ಟಿಷ್ಟೇ… ಹಾಸುಗಲ್ಲಿನ ಕಡೆಗೆ ತಂದ.

ಧಸ್.

ಕಲ್ಲಿನ ಮೇಲೆ ಏನೂ ಇರಲಿಲ್ಲ. ಧಸ್ ಅಂದದ್ದು ಮಾತ್ರ ಖರೆ. ಆ ಕ್ಷಣಕ್ಕೆ ಓಂಪ್ರಕಾಶನ ಕತ್ತಿನಲ್ಲಿ ಲಟಕ್ ಅಂತ ಆಯಿತು, ತಲೆ ಹಗುರಾಯಿತು. ಮರದ ಕೆಳಗಿನಿಂದ ಒಂದು ದೊಡ್ಡ ಉಸಿರು. ಹುಶ್ಶ್… ಅಂತ. ಹೊರೆ ಇಳಿಸಿದವರು ಬಿಡುವ ಉಸಿರು.

"ಆತಪಾ" ಅಂದಳಂತೆ. "ಈಗ ಆತು."

ಹುಳಗಳು ಮತ್ತೆ ಜಿರ್ ಅನ್ನತೊಡಗಿದವು.

ಕೂಸಿಗೆ ಏನಾಯಿತು ಅಂತ ತಾನೆ? ಯುಗಾದಿಯ ಮುಂಚೆ ಹುಟ್ಟಿತು. ಹೆಣ್ಣು. ಓಣಿ ಎಲ್ಲ ಕೇಳುವ ಹಾಗೆ ಕಿರುಚಿಕೊಂಡು ಹುಟ್ಟಿತು, ಈಗ ಗುಂಡುಗುಂಡಾಗಿದೆ. ತೊಟ್ಟಿಲಲ್ಲಿ ಇಟ್ಟದ್ದು ಯಾವುದೋ ಸಿನಿಮಾದ ಹೆಸರು. ಧೋಂಡಿಬಾ ಮಾತ್ರ "ಸಾವಂತ್ರಿ… ಏ ಸಾವಂತ್ರೀ…" ಅಂತಲೇ ಕೂಗುತ್ತಿದ್ದ. ಜೋರಾಗಿ. ಮನೆಯವರು ಬೇಡವೆಂದರೂ ಅಂಗಳದ ತುಂಬ ಕೂಗುತ್ತಿದ್ದ. ಶ್ರಾವಣದಲ್ಲಿ ತೀರಿಕೊಂಡ. ನೋಡಿ, ಆಣೆ ಮುರಿದದ್ದಕ್ಕೇ ಹೋದ ಅಂತ ಊರಲ್ಲಿ ಕೆಲವರು ಅಂದರು. ಎಪ್ಪತ್ತೈದು ದಾಟಿದ ಮುದುಕನಿಗೆ ಸಾಯಲು ಆಣೆ ಯಾಕೆ ಬೇಕು? ಮಂದಿಯ ಬಾಯಿಗೆ ಬೀಗ ಹಾಕುವವರು ಯಾರು? ಸಾವಂತ್ರವ್ವನ ಹೆಸರನ್ನು ಕಾಜಲ ಆ ಕಲ್ಲಿನ ಮೇಲೆ ಕೆತ್ತಿಸಿದ್ದಾಳೆ, ಮೇಲೆ ಕನ್ನಡದಲ್ಲಿ, ಕೆಳಗೆ ಮರಾಠಿಯಲ್ಲಿ. ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ಓದುತ್ತಾರೆ, ಯಾರಿವಳು ಅಂತ ಕೇಳುತ್ತಾರೆ. ಈಗ ಹೇಳುವವರಿದ್ದಾರೆ.

ಇಷ್ಟು ಆಗಿದ್ದರೆ, ಓಂಪ್ರಕಾಶನಿಗೆ ಭ್ರಮೆ, ಮುದುಕನಿಗೆ ಅರಳುಮರಳು ಅಂತ ನಾನೇ ಹೇಳುತ್ತಿದ್ದೆ. ಆದರೆ ಹೊರೆ ಇಳಿಸಿದ ಮಾರನೆಯ ಬೆಳಗ್ಗೆ ಅವನು ನನ್ನನ್ನು ಅಲ್ಲಿಗೆ ಕರೆದೊಯ್ದ. ಬಿಸಿಲು ಬಿದ್ದಿತ್ತು. ಹಾಸುಗಲ್ಲಿನ ಮೇಲೆ ಒಂದು ಉದ್ದನೆಯ ಬಟ್ಟೆ ಹರವಿತ್ತು. ಹಳೆಯ ಇಳಕಲ್ ಸೀರೆಯ ಚೂರು. ಗಾಳಿಗೆ ಹಾರದಿರಲಿ ಅಂತ ಎರಡು ತುದಿಗೂ ಒಂದೊಂದು ಹರಳು ಇಟ್ಟಿದ್ದರು. ಬಟ್ಟೆಯ ತುಂಬ ಸುರುಳಿ ಸುತ್ತಿದ ನಿರಿಗೆ. ನಾನು ನೋಡಿದ ಕೂಡಲೇ ಗುರುತಿಸಿದೆ, ಹೆಣ್ಣುಮಕ್ಕಳಿಗೆ ಯಾರೂ ಹೇಳಬೇಕಾಗಿಲ್ಲ… ಅದು ಸಿಂಬಿಯ ಬಟ್ಟೆ. ಇನ್ನೂ ಹೊರುವುದು ಉಳಿದಿದೆ ಅಂದರೆ ಯಾರೂ ಸಿಂಬಿ ಬಿಚ್ಚುವುದಿಲ್ಲ.

ಒಗೆದು, ಹಿಂಡಿ, ಒಣಗಲು ಹಾಕಿದ್ದರು. ತುದಿಯಿಂದ ತಟ್… ತಟ್… ಅಂತ ನೀರು ಹನಿಯುತ್ತಿತ್ತು. ನೀರು ಎಲ್ಲಿಂದ ಬಂತೆಂದು ನಾನು ಬಾವಿಗೆ ಹೋಗಿ ನೋಡಿದೆ. ಬೀಗ ಹಾಗೇ ಇತ್ತು, ಬೀಗದ ಮೇಲೆ ಜೇಡನ ಬಲೆ ಕೂಡ ಹರಿದಿರಲಿಲ್ಲ.

ಬಟ್ಟೆಗೆ ಕೈ ಹಚ್ಚದೆ ಬಂದೆವು ಅಂದುಕೊಂಡಿರಾ? ಓಂಪ್ರಕಾಶ ಹಚ್ಚಲಿಲ್ಲ. ನಾನು ಹಚ್ಚಿದೆ. ಸಂಜೆ ಕಾಜಲಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಮತ್ತೆ ಹೋದಾಗ ಬಟ್ಟೆ ಒಣಗಿತ್ತು. ಯಾರೋ ಅದನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ, ಮೇಲೆ ಆ ಎರಡು ಹರಳು ಇಟ್ಟಿದ್ದರು.

ಬೆಳಗ್ಗೆ ಒದ್ದೆ ಇತ್ತು ರೂಪಾಲಿ. ಈ ಕೈಯಿಂದಲೇ ಮುಟ್ಟಿದ್ದೇನೆ.